ಹನಕೆರೆಯ ದೀಕ್ಷಾಸ್ನಾನ

ನಿಮ್ಮ ಮಗಳಿಗೆ ಎಳನೀರಿನಲ್ಲಿ ದೀಕ್ಷಾಸ್ನಾನವಾಯಿತಂತೆ, ಹೌದೇ ಎಂದು ಕೇಳಿ ನಗುವವರು ಈಗಲೂ ಇದ್ದಾರೆ. ನಗಲಿ. ನಗುವವರ ಮುಂದೆ ಎಡವಿ ಬೀಳಬಾರದು ಅನ್ನುತ್ತಾರೆ. ನಾವು ಎಡವಿದ್ದು ನಿಜ, ಬಿದ್ದದ್ದು ಮಾತ್ರ ಸುಳ್ಳು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಆಮೇಲೆ ಬೇಕಾದವರು ನಕ್ಕುಕೊಳ್ಳಲಿ.

ನಮ್ಮ ಯಜಮಾನರು ಮದ್ದೂರಿನ ಕ್ರೈಸ್ತ ಸಭೆಗೆ ಉಪದೇಶಿಯಾಗಿ ಬಂದದ್ದು ಯುದ್ಧ ಇನ್ನೂ ನಡೆಯುತ್ತಿದ್ದಾಗ, ನಲವತ್ತನಾಲ್ಕರಲ್ಲಿ. ಉಪದೇಶಿ ಅಂದರೆ ಪಾದ್ರಿಯಲ್ಲ. ವಾರವಾರ ಆರಾಧನೆ ನಡೆಸಬಹುದು, ಮಕ್ಕಳಿಗೆ ಪಾಠ ಹೇಳಬಹುದು. ನೆತ್ತಿಗೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನಕ್ಕೂ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೂ ಮಂಡ್ಯದಿಂದ ಪಾದ್ರಿ ಅಯ್ಯನವರೇ ಬರಬೇಕು. ಅವರು ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಅಲ್ಲಿಯವರೆಗೆ ಹುಟ್ಟಿದವರೂ ಕಾಯಬೇಕು, ಸಾಯುವವರೂ ಕಾಯಬೇಕು.

ಹದಿನಾಲ್ಕು ಮನೆಯ ಸಭೆ ನಮ್ಮದು. ಪ್ರಾರ್ಥನೆಯ ಮನೆಗೆ ಮಣ್ಣಿನ ಗೋಡೆ, ನಾಡಹೆಂಚು, ಮುಂದುಗಡೆ ಒಂದು ಮೇಜು. ಗಂಡಸರ ಚಾಪೆ ಬಲಕ್ಕೆ, ಹೆಂಗಸರ ಚಾಪೆ ಎಡಕ್ಕೆ. ನಾವು ಬರುವ ಮುಂಚೆ ಎರಡು ವರ್ಷ ಅಲ್ಲಿ ಉಪದೇಶಿಯೇ ಇರಲಿಲ್ಲ. ಆಗ ಸಭೆಯನ್ನು ಕಾಪಾಡಿದವಳು ಚಿಕ್ಕಮಾದಕ್ಕ. ಅವಳು ಬೈಬಲ್ ಹೆಂಗಸು. ಮನೆಮನೆಗೆ ಹೋಗಿ ಹೆಂಗಸರಿಗೆ ವೇದ ಹೇಳಿಕೊಡಲು ಮಿಷನ್ನಿನವರು ನೇಮಿಸಿದವಳು. ಕೊತ್ತತ್ತಿಯ ಕಡೆಯವಳು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಅವಳ ದೀಕ್ಷಾಸ್ನಾನದ ದಿನ ಹೊಸ ಹೆಸರಿಡುತ್ತೇವೆ ಅಂದರೆ ಒಪ್ಪಲಿಲ್ಲವಂತೆ. "ಚಿಕ್ಕಮಾದಿ ಅನ್ನೋಳ್ನೇ ಅಲ್ವಾ ಕರ್ತ ಕರ್ದಿದ್ದು? ಈಗ ಎಸ್ರು ಬದ್ಲಾಯ್ಸುದ್ರೆ ಅವನ್ಗೆ ಗುರ್ತು ಸಿಕ್ಬ್ಯಾಡ್ವಾ?" ಅಂದಳಂತೆ. ಆ ಎರಡು ವರ್ಷ ಅವಳೇ ಮೇಜಿನ ಹಿಂದೆ ನಿಂತು ಓದಿದಳು, ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು, ಸತ್ತವರನ್ನು ಮಣ್ಣು ಮಾಡಿಸಿದಳು.

ನಮ್ಮ ಯಜಮಾನರು ಬಂದ ಮೊದಲನೆಯ ವಾರವೇ ಅದು ನಿಂತಿತು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಣಂತನದಲ್ಲಿ ನೀರು ಕಾಯಿಸಿದವರು, ಒಲೆ ಊದಿದವರು, ರಾಗಿ ಅಂಬಲಿ ಮಾಡಿ ಕುಡಿಸಿದವರು ಅವರೇ. ಆದರೆ ಓದಿದ್ದನ್ನು ಕಲ್ಲಿನಲ್ಲಿ ಕೆತ್ತಿಕೊಳ್ಳುವ ಸ್ವಭಾವ. ಪೌಲನು ತಿಮೊಥೆಯನಿಗೆ ಬರೆದ ಪತ್ರದಲ್ಲಿ ಹೆಂಗಸು ಉಪದೇಶ ಮಾಡಬಾರದು, ಸುಮ್ಮನಿರಬೇಕು ಅನ್ನುವ ಮಾತಿದೆ. ಅವರಿಗೆ ಅಷ್ಟು ಸಾಕಾಗಿತ್ತು.

"ಚಿಕ್ಕಮಾದಮ್ಮನವರೇ, ಇಷ್ಟು ದಿನ ಮಾಡಿದ್ದಕ್ಕೆ ದೇವರು ನಿಮ್ಮನ್ನು ಆಶೀರ್ವದಿಸಲಿ. ಇನ್ನು ಮೇಲೆ ಸಭೆಯಲ್ಲಿ ನಿಂತು ಮಾತಾಡುವುದು ಬೇಡ. ಸಂಸ್ಕಾರಗಳಿಗಂತೂ ಕೈ ಹಾಕಲೇಬಾರದು. ನನಗೆ ಮಾತು ಕೊಡಿ," ಎಂದರು.

ಅವಳು ಮಾತು ಕೊಟ್ಟಳು. ಸುಮ್ಮನೆ ಕೊಡಲಿಲ್ಲ, ಒಂದು ಚುಚ್ಚುಮಾತೂ ಸೇರಿಸಿಯೇ ಕೊಟ್ಟಳು. "ಆಗ್ಲಿ ಬುಡಿ ಸ್ವಾಮಿ, ಬಾಯ್ ಮುಚ್ಕತೀನಿ. ಆದ್ರೆ ಆ ಕಾಗ್ದ ಯಾರ್ಗೆ ಬರ್ದಿದ್ದು? ತಿಮೊಥೆಯನ್ಗೆ ತಾನೆ? ಆ ಉಡ್ಗನ್ಗೆ ವೇದ ಕಲಿಸ್ದೋರು ಯಾರು ಏಳಿ ಮತ್ತೆ. ಅವನವ್ವ, ಅವನಜ್ಜಿ. ಅದನ್ನೂ ಪೌಲಪ್ಪನೇ ಬರ್ದವ್ನೆ."

ನಮ್ಮ ಯಜಮಾನರು, "ಅದು ಮನೆಯ ಮಾತು, ಇದು ಸಭೆಯ ಮಾತು," ಎಂದು ಪುಸ್ತಕ ಮುಚ್ಚಿದರು. ಅವಳು ಹೆಂಗಸರ ಚಾಪೆಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಬುಧವಾರ ಹೆಂಗಸರ ಕೂಟದಲ್ಲಿ ಮಾತ್ರ ಚಾಪೆಯ ಮೇಲೆ ಕೂತೇ ಪಾಠ ಹೇಳುತ್ತಿದ್ದಳು. ಆಗ ಕಿಟಕಿಯಾಚೆ ಬೀಡಿಯ ವಾಸನೆ ಬರುತ್ತಿತ್ತು. ಗಂಡಸರು ನೆರಳಿಗೆ ನಿಂತಿದ್ದೇವೆ ಅನ್ನುತ್ತಿದ್ದರು. ಆ ಕಿಟಕಿಯ ಬಳಿ ನೆರಳೇ ಇರಲಿಲ್ಲ.

ಮರುವರ್ಷ ನನ್ನ ಚೊಚ್ಚಲು ಮಗು ಹುಟ್ಟಿತು. ಗಂಡು. ಎರಡನೆಯ ದಿನವೇ ಉಸಿರು ಕಟ್ಟತೊಡಗಿತು. ಯಜಮಾನರು ಕೂಟಕ್ಕೆಂದು ಮಳವಳ್ಳಿಗೆ ಹೋಗಿದ್ದರು, ಅಯ್ಯನವರು ಮಂಡ್ಯದಲ್ಲಿದ್ದರು. ಚಿಕ್ಕಮಾದಕ್ಕ ಹಿತ್ತಾಳೆಯ ಬಟ್ಟಲಿನಲ್ಲಿ ಬಿಸಿನೀರು ಹಿಡಿದುಕೊಂಡು ನನ್ನ ಮಗ್ಗುಲಲ್ಲಿ ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಮಗುವಿನ ನೆತ್ತಿಯವರೆಗೆ ಬಟ್ಟಲು ಎತ್ತಿದಳು. ಆಮೇಲೆ ಕೆಳಗಿಟ್ಟಳು.

"ಮಾತು ಕೊಟ್ಬುಟ್ಟಿವ್ನಿ ಕಣವ್ವ," ಎಂದು ಅಳುತ್ತ ಕೂತಳು. ಮಗು ಹಾಗೆಯೇ ಹೋಯಿತು.

ದೀಕ್ಷಾಸ್ನಾನವಾಗದ ಮಗುವನ್ನು ಸಭೆಯವರ ಸಾಲಿನಲ್ಲಿ ಹೂಳಬಾರದು ಎಂದವರು ಸಭೆಯ ಹಿರಿಯ ಮರಿಸಿದ್ದಯ್ಯ. ಅವರು ಹೇಳಿದ್ದೇ ಅಲ್ಲಿಯ ಪದ್ಧತಿ. ಸ್ಮಶಾನದ ಕತ್ತಾಳೆ ಬೇಲಿಯ ಪಕ್ಕದಲ್ಲಿ ಗುಂಡಿ ತೋಡಿದರು. ಹೆಸರು ಕೊಡುವುದು ದೀಕ್ಷಾಸ್ನಾನದ ಹೊತ್ತಿಗೆ, ಹಾಗಾಗಿ ಹೆಸರೂ ಇಲ್ಲ. ಸಾಯಂಕಾಲ ಸೈಕಲ್ಲಿನಲ್ಲಿ ಬಂದ ನಮ್ಮ ಯಜಮಾನರು ಅಂಗಳದಲ್ಲೇ ನಿಂತುಬಿಟ್ಟರು. ಬಟ್ಟಲಿನ ಸುದ್ದಿಯನ್ನು ನಾನೇ ಅವರಿಗೆ ಹೇಳಿದೆ. ಅವತ್ತಿನಿಂದ ಅವರು ಆ ಬಟ್ಟಲಿನಲ್ಲಿ ನೀರು ಕುಡಿದದ್ದನ್ನು ನಾನು ಕಾಣೆ.

ಹೀಗಿರುವಾಗ ನಲವತ್ತೇಳರ ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಅಯ್ಯನವರು ಬರಬೇಕಾಗಿದ್ದದ್ದು ಏಪ್ರಿಲ್ ಕೊನೆಗೆ. ಒಂದನ್ನು ಕಳೆದುಕೊಂಡವರು ಇನ್ನೊಂದನ್ನು ಬೇಗ ಹೆಸರು ಹಿಡಿದು ಕರೆಯುವುದಿಲ್ಲ, ನಾವೂ ಕೂಸು ಎಂದೇ ಕರೆಯುತ್ತಿದ್ದೆವು.

ಏಪ್ರಿಲ್ ಮೊದಲ ವಾರದಲ್ಲಿ ಕೂಸಿಗೆ ಜ್ವರ ಬಂತು. ಯಜಮಾನರು ಆಗಲೂ ಮಳವಳ್ಳಿಯ ಕಡೆ ಹಳ್ಳಿಗಳ ಮೇಲೆ ಹೋಗಿದ್ದರು. ಎರಡನೆಯ ದಿನ ಬೆಳಿಗ್ಗೆ ಮೈ ಕೆಂಡವಾಯಿತು. ಚಿಕ್ಕಮಾದಕ್ಕ ಬಂದು ಮುಟ್ಟಿ ನೋಡಿದವಳೇ, "ಏಳು ಸೋಮವ್ವ, ಮಂಡ್ಯದ ಆಸ್ಪತ್ರೆಗೆ ಓಗವ. ರೈಲು ಬರೋ ಒತ್ತಾಯ್ತು," ಎಂದು ನನ್ನನ್ನು ಎಬ್ಬಿಸಿಕೊಂಡು ಹೊರಟಳು.

ಮದ್ದೂರಿನಲ್ಲಿ ರೈಲು ಹತ್ತಿದಾಗ ನಮ್ಮ ಹತ್ತಿರ ಒಂದು ಚೊಂಬು ನೀರಿತ್ತು. ಬಟ್ಟೆ ಒದ್ದೆ ಮಾಡಿ ಮಾಡಿ ಕೂಸಿನ ಹಣೆಗೆ ಹಾಕುತ್ತ ಹನಕೆರೆ ಬರುವಷ್ಟರಲ್ಲಿ ಅದು ಮುಗಿಯಿತು. ಹನಕೆರೆಯಲ್ಲಿ ಗಾಡಿ ನಿಂತಿತು. ಎದುರಿನಿಂದ ಇನ್ನೊಂದು ಗಾಡಿ ದಾಟುವವರೆಗೂ ಹೊರಡುವುದಿಲ್ಲ ಎಂದರು. ಬಿರುಬಿಸಿಲು. ಅಲ್ಲೇ ಕೂಸಿಗೆ ಸೆಳವು ಬಂತು. ಕೈಕಾಲು ಸೆಟೆದುಕೊಂಡವು, ಕಣ್ಣು ಮೇಲಕ್ಕೆ ಹೋಯಿತು, ತುಟಿ ನೀಲಿಯಾಯಿತು. ಕೂಸನ್ನು ಎದೆಗೆ ಅವುಚಿಕೊಂಡೆ. ಮೊದಲನೆಯದು ಹೋದದ್ದೂ ಹೀಗೆಯೇ, ಇದೂ ಹೋಯಿತು ಅಂದುಕೊಂಡೆ.

"ನೀರು! ಯಾರತ್ರನಾರ ಒಂದೀಟು ನೀರೈತಾ?" ಎಂದು ಚಿಕ್ಕಮಾದಕ್ಕ ಡಬ್ಬಿಯ ಉದ್ದಕ್ಕೂ ಕೂಗಿದಳು. ಯಾರ ಹತ್ತಿರವೂ ಇರಲಿಲ್ಲ. ಹಳಿಯಾಚೆ ಹೊಲದಲ್ಲಿ ಒಂದು ಬಾವಿ ಕಾಣುತ್ತಿತ್ತು. ನಮ್ಮ ಕೇರಿಯವರ ಚೊಂಬು ಆ ಬಾವಿಗೆ ಇಳಿಯಬಹುದೇ ಎಂದು ಕೇಳಿಕೊಂಡು ನಿಲ್ಲುವ ಹೊತ್ತಲ್ಲ ಅದು.

ಬಾಗಿಲ ಬಳಿ ಎಳನೀರಿನ ವ್ಯಾಪಾರಿ ಬಾಬು ಜಾನ್ ಕೂತಿದ್ದ. ಮದ್ದೂರಿನಿಂದ ಮಂಡ್ಯಕ್ಕೆ ಗೊನೆ ಸಾಗಿಸುವವನು. ಅವನು ಕೂಸನ್ನು ನೋಡಿದ. ಒಂದು ಮಾತೂ ಆಡದೆ ಮಚ್ಚು ತೆಗೆದು ಎರಡೇ ಏಟಿಗೆ ಒಂದು ಎಳನೀರು ಕೆತ್ತಿ ಕೊಟ್ಟ.

"ತಗಳಮ್ಮ. ಇದ್ಕಿಂತ ಚೊಕ್ಕವಾದ್ದು ಈ ಗಾಡೀಲಿ ಇನ್ನೇನೂ ಸಿಕ್ಕಾಕಿಲ್ಲ. ಯಾರ ಕೈಯೂ ತಾಕಿಲ್ಲ," ಅಂದ.

ಚಿಕ್ಕಮಾದಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಎದುರಿಗೆ ಮಂಡಿಯೂರಿದಳು.

"ಈ ಸಲ ಕೆಳಕ್ಕೆ ಇಕ್ಕಾಕಿಲ್ಲ ಕಣವ್ವ. ನಿನ್ ಗಂಡ ಏನಾರ ಅಂದ್ಕಳ್ಳಿ. ಮಾತು ಮುರ್ದ ಪಾಪ ನನ್ ತಲೆ ಮ್ಯಾಗಿರ್ಲಿ. ಎಸ್ರು ಏಳು."

ಏನು ಹೇಳಲಿ? "ಜೀವಮ್ಮ," ಎಂದೆ. ಬಾಯಿಗೆ ಬಂದದ್ದು ಅದೊಂದೇ.

ಅವಳು ತಂದೆಯ ಹೆಸರಿನಲ್ಲಿ ಒಂದು ಸಲ, ಮಗನ ಹೆಸರಿನಲ್ಲಿ ಒಂದು ಸಲ, ಪವಿತ್ರಾತ್ಮನ ಹೆಸರಿನಲ್ಲಿ ಒಂದು ಸಲ ಕೂಸಿನ ನೆತ್ತಿಗೆ ಎಳನೀರು ಹಾಕಿದಳು. ಡಬ್ಬಿಯಲ್ಲಿದ್ದ ಗೌಡರೊಬ್ಬರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಎದುರುಗಾಡಿ ದಾಟಿತು. ನಮ್ಮ ಗಾಡಿ ಹೊರಟಿತು. ಮಂಡ್ಯ ತಲುಪುವಷ್ಟರಲ್ಲಿ ಸೆಳವು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಐದು ದಿನವಿದ್ದು, ಬದುಕಿದ ಕೂಸನ್ನು ಎತ್ತಿಕೊಂಡು ಮನೆಗೆ ಬಂದೆ.

ಯಜಮಾನರು ಆಸ್ಪತ್ರೆಗೆ ಬಂದಾಗಲೇ ನಾನು ಎಲ್ಲವನ್ನೂ ಹೇಳಿದ್ದೆ. ಅವರು ಮಗಳನ್ನು ಎದೆಗೊತ್ತಿಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಅಯ್ಯನವರು ಬಂದಾಗ ಸರಿಯಾಗಿ ಮಾಡಿಸೋಣ," ಎಂದರು. ಅಂದರೆ ಆದದ್ದು ಸರಿಯಲ್ಲ. ನನಗೆ ಮೈ ಉರಿಯಿತು. ಆದರೆ ಕೂಸು ಉಳಿದ ಸಂತೋಷದಲ್ಲಿ ಜಗಳಕ್ಕೆ ಬಾಯಿ ಬರಲಿಲ್ಲ.

ಮದ್ದೂರಿನಲ್ಲಿ ಸುದ್ದಿ ನಮಗಿಂತ ಮುಂಚೆಯೇ ಬಂದಿತ್ತು. ಬಾಬು ಜಾನ್ ಸಂತೆಯಲ್ಲಿ ಸಿಕ್ಕವರನ್ನೆಲ್ಲ, "ನಮ್ ಎಳ್ನೀರು ಕೂಸು ಎಂಗೈತೆ?" ಎಂದು ಕೇಳುತ್ತಿದ್ದನಂತೆ. ಹಿರಿಯ ಮರಿಸಿದ್ದಯ್ಯ ಕೋಲೂರಿಕೊಂಡು ಮನೆಗೇ ಬಂದರು.

"ಎಂಗ್ಸು ಕೈ ಆಕಿದ್ದೊಂದು, ಎಳ್ನೀರಾಕಿದ್ದು ಇನ್ನೊಂದು! ಇವತ್ತು ಎಳ್ನೀರು ಅಂತೀರ, ನಾಳೀಕೆ ಮಜ್ಜಿಗೆ ತತ್ತೀರ. ಅನ್ನೆಲ್ಡು ಸಿಸ್ಯರೂ ಗಂಡಸ್ರು ಕಣವ್ವ. ಕರ್ತ ಎಂಗುಸ್ರನ್ನ ಆರಿಸ್ಕಂಡ್ನಾ?" ಎಂದು ಗದರಿದರು.

ಚಿಕ್ಕಮಾದಕ್ಕ ಕೂಸಿಗೆ ಎಣ್ಣೆ ಹಚ್ಚುತ್ತ ಅಲ್ಲೇ ಕೂತಿದ್ದಳು. "ಆ ಅನ್ನೆಲ್ಡು ಜನದಾಗೆ ಸಿಲುಬೆ ತಾವ ಎಸ್ಟು ಜನ ನಿಂತಿದ್ರು ದೊಡ್ಡಪ್ಪ? ಕರ್ತ ಸತ್ತು ಎದ್ದ ದಿಸ ಮೊದ್ಲು ಕಂಡೋರು ಯಾರು?" ಎಂದು ಕೇಳಿದಳು.

"ಕಂಡೋರೆಲ್ಲಾ ಪಾದ್ರಿಗಳಾ?"

"ಅಲ್ಲ. ಓಗಿ ಎಲ್ರಿಗೂ ಏಳು ಅಂದ, ಅವ್ರು ಏಳುದ್ರು. ನಾನೂ ಅಸ್ಟೇ ಮಾಡಿರೋದು."

ಮರಿಸಿದ್ದಯ್ಯ ಒಪ್ಪಲಿಲ್ಲ. ಆದರೂ ಹೋಗುವಾಗ ಕೂಸಿನ ಕೈಗೆ ಒಂದು ತುಂಡು ಬೆಲ್ಲ ಮುಟ್ಟಿಸಿ ಹೋದರು. ಅವರು ಅಂಥವರು.

ಏಪ್ರಿಲ್ ಕೊನೆಯ ಶನಿವಾರ ಮಧ್ಯಾಹ್ನ ಅಯ್ಯನವರು ಬಂದರು. ತಲೆ ನರೆತ, ಮೆಲ್ಲಗೆ ಮಾತಾಡುವ ಮನುಷ್ಯ. ಜಗುಲಿಯ ಮೇಲೆ ಕೂತು ಎಲ್ಲರ ಮಾತನ್ನೂ ಕೇಳಿದರು. ಬರುವ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ನಮ್ಮ ಮಿಷನ್ನಿನ ಸಭೆ, ಇಂಗ್ಲೆಂಡಿನವರ ಸಭೆ, ಇನ್ನೂ ಒಂದೆರಡು ಸೇರಿ ಒಂದೇ ಆಗುತ್ತವೆಂದು ಆಗ ಎಲ್ಲೆಲ್ಲೂ ಮಾತು. ಅಯ್ಯನವರಿಗೆ ಅದೇ ಚಿಂತೆ.

"ಪ್ರಾಣಕ್ಕೆ ಬಂದಾಗ ಯಾರು ಕೊಟ್ಟರೂ ಆಯಿತು, ಸೂಲಗಿತ್ತಿ ಕೊಟ್ಟರೂ ಆಯಿತು ಅನ್ನುವವರಿದ್ದಾರೆ," ಎಂದರು. "ಹಸ್ತಾರ್ಪಣೆಯಾಗಿ ಪಾದ್ರಿಯಾದ ಗಂಡಸಿನ ಕೈಯೇ ಬೇಕು ಅನ್ನುವವರೂ ಇದ್ದಾರೆ. ಒಂದಾಗುವ ಹೊತ್ತಿನಲ್ಲಿ ಈ ಜಗಳ ನಮಗೆ ಬೇಡ. ಹೆಂಗಸು ಎಂಬ ಮಾತನ್ನೇ ಎತ್ತುವುದು ಬೇಡ. ಎಳನೀರು ನೀರಲ್ಲ, ಅದಕ್ಕೇ ನಾಳೆ ಇನ್ನೊಮ್ಮೆ ಕೊಡುತ್ತೇವೆ ಅಂದರಾಯಿತು. ಚಿಕ್ಕಮಾದಮ್ಮನ ಮೇಲೂ ತಪ್ಪು ಬರುವುದಿಲ್ಲ."

ಎಲ್ಲರಿಗೂ ಹಗುರವಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಚಿಕ್ಕಮಾದಕ್ಕ ಕೂಡ, "ಮಾಡ್ಲಿ ಬುಡವ್ವ. ಕೂಸು ಉಳೀತಲ್ಲ, ನನ್ಗಸ್ಟು ಸಾಕು," ಅಂದಳು. ಹಾಗೆಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಅದನ್ನು ನೋಡಿದವಳು ನಾನೊಬ್ಬಳೇ. ಅವತ್ತು ಆ ಡಬ್ಬಿಯಲ್ಲಿ ಅವಳು ದೇವರನ್ನು ಕರೆದದ್ದು ಬರೀ ಕೂಸಿನ ತಲೆ ತೊಳೆಯುವುದಕ್ಕೇ? ನಾಳೆ ಇನ್ನೊಮ್ಮೆ ಮಾಡಿದರೆ ಹಾಗೆಂದೇ ಅರ್ಥ. ಅವಳ ಇಪ್ಪತ್ತು ವರ್ಷದ ಕೆಲಸವನ್ನು ಒಂದು ಎಳನೀರಿನ ಬುರುಡೆಯೊಳಗೆ ಹಾಕಿ ಎಸೆದ ಹಾಗೆ.

ಭಾನುವಾರ ಬೆಳಿಗ್ಗೆ ಯಜಮಾನರು ರುಮಾಲು ಸುತ್ತಿಕೊಳ್ಳುತ್ತಿದ್ದರು. ಮೂರು ಸಲ ಸುತ್ತಿದರು, ಮೂರು ಸಲ ಬಿಚ್ಚಿದರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ನಿಮಗೆ ನಿಜವಾಗಿ ಎಳನೀರೇ ಅಡ್ಡವೇ?"

ಅವರು ರುಮಾಲನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸಿಲ ಮೇಲೆ ಕೂತರು.

"ಅದು ದೀಕ್ಷಾಸ್ನಾನವೇ ಆಗಿದ್ದರೆ, ಸೋಮ," ಎಂದರು, "ಆ ಮಗುವಿಗೂ ಆಗಬಹುದಾಗಿತ್ತಲ್ಲ. ಅವರು ಬಟ್ಟಲು ಎತ್ತಿದ್ದರು ಅಂತ ನೀನೇ ಹೇಳಿದೆ. ಕೆಳಗೆ ಇಡಿಸಿದವನು ನಾನಲ್ಲವೇ? ಇದನ್ನು ಹೌದು ಅಂದರೆ ಅದನ್ನೂ ಹೌದು ಅನ್ನಬೇಕು. ನನ್ನ ಕೈಲಾಗುವುದಿಲ್ಲ."

ಎರಡು ವರ್ಷದಿಂದ ನಾನು ಈ ಮನುಷ್ಯನಿಗೆ ಪುಸ್ತಕವೇ ದೊಡ್ಡದು, ಮಗು ದೊಡ್ಡದಲ್ಲ ಅಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ. ಎಷ್ಟು ತಪ್ಪು ತಿಳಿದಿದ್ದೆ! ಅವರ ಪಕ್ಕದಲ್ಲಿ ಕೂತು ಬೆನ್ನಿನ ಮೇಲೆ ಕೈಯಿಟ್ಟೆ. ಹಗಲು ಹೊತ್ತಿನಲ್ಲಿ, ಬಾಗಿಲಿನಲ್ಲಿ, ಬೀದಿಯವರು ನೋಡುತ್ತಿದ್ದರೂ ಕೈ ತೆಗೆಯಲಿಲ್ಲ.

"ಆ ಮಗುವನ್ನು ದೇವರು ಬಿಟ್ಟಿರಲಾರ," ಎಂದೆ. "ಅವನು ನಮ್ಮ ಬಟ್ಟಲಿಗೆ ಕಾಯುತ್ತಾನೆಯೇ? ಕಾಯುತ್ತಿರುವವರು ನಾವು. ನೀವು ಏನೇ ಹೇಳಿ, ಸುಳ್ಳು ಹೇಳಬೇಡಿ. ಅಷ್ಟೇ ನಾನು ಕೇಳುವುದು."

ಪ್ರಾರ್ಥನೆಯ ಮನೆ ತುಂಬಿತ್ತು. ಮೇಜಿನ ಮೇಲೆ ಪಿಂಗಾಣಿ ಬೋಗುಣಿಯಲ್ಲಿ ನೀರು ಇಟ್ಟಿದ್ದರು. ಯಜಮಾನರು ಕೂಸನ್ನು ಎತ್ತಿಕೊಂಡು ಮುಂದೆ ಹೋಗಿ ನಿಂತರು. ಆ ಸಂಸ್ಕಾರದಲ್ಲಿ ಅಯ್ಯನವರು ಮೊಟ್ಟಮೊದಲು ಒಂದು ಪ್ರಶ್ನೆ ಕೇಳುವ ಪದ್ಧತಿ. ಎಲ್ಲರೂ ಇಲ್ಲ ಅನ್ನುತ್ತಾರೆ, ಯಾರೂ ಅದನ್ನು ಕಿವಿಗೊಟ್ಟು ಕೇಳುವುದೂ ಇಲ್ಲ. ಅಯ್ಯನವರು ಪುಸ್ತಕದಿಂದ ಕಣ್ಣೆತ್ತದೆಯೇ ಕೇಳಿದರು.

"ಈ ಮಗುವಿಗೆ ಇದುವರೆಗೆ ದೀಕ್ಷಾಸ್ನಾನ ಆಗಿದೆಯೋ, ಇಲ್ಲವೋ?"

ನಮ್ಮ ಯಜಮಾನರು ಕೂಸಿನ ನೆತ್ತಿಯನ್ನು ನೋಡಿದರು. ಅಯ್ಯನವರು ಕಣ್ಣೆತ್ತಿ ನೋಡಿದರು.

"ಆಗಿದೆ," ಎಂದರು ಯಜಮಾನರು.

ಮರಿಸಿದ್ದಯ್ಯನ ಕೋಲು ನೆಲಕ್ಕೆ ಕುಟ್ಟಿತು. "ಉಪದೇಸಿಗಳೇ!"

"ಆಗಿದೆ ಅಯ್ಯನವರೇ," ಎಂದು ಇನ್ನೊಮ್ಮೆ ಅಂದರು. "ನಾನು ಅಲ್ಲಿರಲಿಲ್ಲ. ಇದ್ದವರು ಇದ್ದಾರೆ, ಅವರನ್ನು ಕೇಳಿ."

ಅಯ್ಯನವರು ಗಂಡಸರ ಚಾಪೆಯ ಕಡೆ ನೋಡಿದರು. ಅಲ್ಲಿ ಯಾರೂ ಸಾಕ್ಷಿ ಇರಲಿಲ್ಲ. ಆಮೇಲೆ ನಿಧಾನವಾಗಿ ನಮ್ಮ ಚಾಪೆಯ ಕಡೆಗೆ ತಿರುಗಿದರು. ನಾನು ಎದ್ದು ನಿಂತೆ. ಉಪದೇಶಿಯ ಹೆಂಡತಿ, ಮೂರು ವರ್ಷದಿಂದ ಆ ಮನೆಯಲ್ಲಿ ಹಾಡಿಗೆ ಬಿಟ್ಟರೆ ಬಾಯಿ ತೆರೆಯದವಳು. ಹನಕೆರೆ, ಚೊಂಬು, ಸೆಳವು, ಬಾಬು ಜಾನ್, ಎಲ್ಲವನ್ನೂ ಹೇಳಿದೆ. ಚಿಕ್ಕಮಾದಕ್ಕ ಯಾರ ಹೆಸರು ಹಿಡಿದು ಎಳನೀರು ಹಾಕಿದಳು ಎಂದು ಅಯ್ಯನವರು ಕೇಳಿದರು, ಅದನ್ನೂ ಹೇಳಿದೆ.

"ಎಳನೀರು," ಎಂದು ಅಯ್ಯನವರು ತಮ್ಮಷ್ಟಕ್ಕೆ ಅಂದುಕೊಂಡರು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. "ನಾನು ನಿನ್ನೆ ಒಂದು ಜಾಣತನದ ದಾರಿ ಹೇಳಿದ್ದೆ. ಇವರು ನನ್ನ ಮುಂದೆ ನಿಜ ಹೇಳಿದ್ದಾರೆ. ಮದರಾಸಿನಲ್ಲಿ ದೊಡ್ಡವರು ಏನು ತೀರ್ಮಾನ ಮಾಡುತ್ತಾರೋ ನನಗೆ ಗೊತ್ತಿಲ್ಲ. ನಾನು ಈ ಮಗುವಿಗೆ ಎರಡನೆಯ ಸಲ ಕೊಡುವುದಿಲ್ಲ."

ಬೋಗುಣಿಯ ಮೇಲೆ ಬಟ್ಟೆ ಮುಚ್ಚಿ, ರಿಜಿಸ್ಟರ್ ತೆರೆದು ಬರೆದರು. ಹೆಸರು ಜೀವಮ್ಮ. ಸ್ಥಳ ಹನಕೆರೆ. ಕೊಟ್ಟವರು ಚಿಕ್ಕಮಾದಮ್ಮ. ಮರಿಸಿದ್ದಯ್ಯ ಎದ್ದು ಹೊರಗೆ ಹೋದರು. ಅವರು ಸಾಯುವವರೆಗೂ ಒಪ್ಪಲಿಲ್ಲ. ಪೌಲನ ಮಾತು ಅವರ ಪಾಲಿಗೆ ಪೌಲನ ಮಾತೇ. ಜೀವಮ್ಮನಿಗೆ ಬೆಲ್ಲ ಕೊಡುವುದನ್ನೂ ಅವರು ಬಿಡಲಿಲ್ಲ.

ಚಿಕ್ಕಮಾದಕ್ಕನನ್ನು ಅದರಿಂದ ಯಾರೂ ಮೇಜಿನ ಹಿಂದೆ ನಿಲ್ಲಿಸಲಿಲ್ಲ. ಸಭೆಗಳು ಒಂದಾದ ಮೇಲೂ ಅವಳು ಎಡಗಡೆಯ ಚಾಪೆಯಲ್ಲೇ ಇದ್ದಳು. ಸುಳ್ಳು ಹೇಳಿ ಕಥೆ ಚೆಂದ ಮಾಡುವುದು ನನಗೆ ಬೇಕಿಲ್ಲ.

ಆದರೆ ಆ ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ನಡೆಯಿತು. ಯಜಮಾನರು ಮನೆಗೆ ಬಂದು, ಗೂಡಿನಲ್ಲಿದ್ದ ಆ ಹಿತ್ತಾಳೆಯ ಬಟ್ಟಲನ್ನು ಇಳಿಸಿ ನೀರು ತುಂಬಿದರು. "ಬಾ," ಎಂದು ನನ್ನನ್ನು ಕರೆದರು. ಚಿಕ್ಕಮಾದಕ್ಕನ ಮನೆಯ ಮುಂದೆ ನಿಂತು, "ಅಕ್ಕ, ಸ್ವಲ್ಪ ಬರುತ್ತೀರಾ?" ಎಂದರು. ಅವಳನ್ನು ಅವರು ಅಕ್ಕ ಎಂದು ಕರೆದದ್ದು ಅದೇ ಮೊದಲು.

ಸ್ಮಶಾನದ ಬೇಲಿಯ ಬಳಿ ಗುರುತಿಗೆ ಏನೂ ಇರಲಿಲ್ಲ. ನನಗೆ ಮಾತ್ರ ಜಾಗ ಗೊತ್ತಿತ್ತು. ತೋರಿಸಿದೆ. ಯಜಮಾನರು ಬಟ್ಟಲನ್ನು ಚಿಕ್ಕಮಾದಕ್ಕನ ಕೈಗೆ ಕೊಟ್ಟರು.

"ಸತ್ತವರಿಗೆ ದೀಕ್ಷಾಸ್ನಾನವಿಲ್ಲ, ಅದು ನನಗೆ ಗೊತ್ತು. ಅದಕ್ಕಲ್ಲ," ಎಂದರು. "ಅವತ್ತು ನೀವು ಮಾಡಬೇಕೆಂದಿದ್ದ ಪ್ರಾರ್ಥನೆಯನ್ನು ಇವತ್ತು ಮಾಡಿ."

ಅವಳು ಬಟ್ಟಲು ಹಿಡಿದು ಮಣ್ಣನ್ನೇ ನೋಡುತ್ತ ನಿಂತಳು. "ಕೂಸಿನ ಎಸ್ರೇನು?" ಎಂದಳು.

ಹೆಸರೇ ಇಟ್ಟಿರಲಿಲ್ಲವಲ್ಲ ಎಂದು ನಾನು ಹೇಳಬೇಕು ಅನ್ನುವಷ್ಟರಲ್ಲಿ ಯಜಮಾನರು ಬಾಯಿಬಿಟ್ಟರು. ಅವರೊಳಗೇ ಒಂದು ಹೆಸರು ಇತ್ತು. ಎರಡು ವರ್ಷ ನನಗೂ ಹೇಳದೆ ಇಟ್ಟುಕೊಂಡಿದ್ದರು.

"ತಿಮೊಥೆಯ," ಎಂದರು.

ಚಿಕ್ಕಮಾದಕ್ಕ ಅವರ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡೇ ಒಮ್ಮೆ ನಕ್ಕಳು. ಆಮೇಲೆ ಬಟ್ಟಲಿನ ನೀರನ್ನು ಆ ಮಣ್ಣಿನ ಮೇಲೆ ಮೆಲ್ಲಗೆ ಹಾಕಿ, ನೆಟ್ಟಗೆ ನಿಂತು, ಬೇಲಿಯಾಚೆಗೂ ಕೇಳುವ ಹಾಗೆ ಗಟ್ಟಿಯಾಗಿ ಪ್ರಾರ್ಥನೆ ಮಾಡಿದಳು. ನಮ್ಮ ಯಜಮಾನರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದು ಮುಗಿಯುವವರೆಗೂ ಸುಮ್ಮನೆ ನಿಂತಿದ್ದರು.